ಮಲಾವಿಗೆ ಹೊರಟ ಕೊಬ್ಬರಿ

ಹೋದ ವರ್ಷ ಈಸ್ಟರ್ ಕಳೆದ ಮರುವಾರ ನಮ್ಮ ಯಜಮಾನರು ಜಯರಾಜ್ ಕುಣಿಗಲ್‌ನ ತಂಗಿಯ ಮನೆಗೆ ಹೋಗಿ ಬಸ್ಸಿನಲ್ಲಿ ವಾಪಸು ಬರುತ್ತಿದ್ದರು. ತುಮಕೂರು ಬಸ್‌ಸ್ಟ್ಯಾಂಡಿನಲ್ಲಿ ಇಳಿಯಲು ಕಂಬಿ ಹಿಡಿಯಹೋದರೆ ಬಲಗೈ ಮೇಲೇಳಲಿಲ್ಲ. ಪುಣ್ಯಾತ್ಮ ಕಂಡಕ್ಟರ್ ಅವರನ್ನು ಆಟೋದಲ್ಲಿ ಕೂರಿಸಿ ಆಸ್ಪತ್ರೆಗೆ ಕಳಿಸಿ, ಅವರ ಫೋನಿನಿಂದಲೇ ನನಗೆ ಸುದ್ದಿ ಮುಟ್ಟಿಸಿದ. ತುಮಕೂರಿನ ಸದಾಶಿವನಗರದ ನಮ್ಮ ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂಬುದೂ ನನಗೆ ನೆನಪಿಲ್ಲ. ಡಾಕ್ಟರು ಸ್ಟ್ರೋಕ್ ಎಂದರು. ಜೀವಕ್ಕೇನೂ ಭಯವಿಲ್ಲ, ಆದರೆ ಕೈ ಎಷ್ಟರಮಟ್ಟಿಗೆ ಸರಿಹೋಗುತ್ತದೋ ಈಗಲೇ ಹೇಳಲಾಗದು ಎಂದರು.

ಪ್ರಿಯ ಸಭಿಕರೇ, ಆ ಕೈ ಎಂಥದ್ದು ಎಂದು ನಿಮ್ಮಲ್ಲಿ ಹಳಬರಿಗೆ ಗೊತ್ತು. ನಮ್ಮವರು ರಿಟೈರಾಗುವವರೆಗೂ ಕುಷ್ಠರೋಗಿಗಳ ಆಸ್ಪತ್ರೆಯೊಂದರಲ್ಲಿ ಚಪ್ಪಲಿ ಮಾಡುವ ಕೆಲಸದಲ್ಲಿದ್ದರು. ಆ ರೋಗ ಬಂದವರಿಗೆ ಪಾದದಲ್ಲಿ ಸ್ಪರ್ಶವೇ ಇರುವುದಿಲ್ಲ. ಮುಳ್ಳು ಚುಚ್ಚಿದರೂ ತಿಳಿಯದೆ ನಡೆದು ನಡೆದು ಹುಣ್ಣಾಗುತ್ತದೆ. ಅಂಥವರ ಪಾದದ ಅಳತೆಗೆ ಮೆತ್ತನೆಯ ರಬ್ಬರು ಕತ್ತರಿಸಿ, ಎಲ್ಲೂ ಒತ್ತದ ಹಾಗೆ ಹೊಲಿದುಕೊಡುವುದು ಇವರ ಕೆಲಸ. ಆಫ್ರಿಕಾದ ಮಲಾವಿ ದೇಶದಲ್ಲಿ ಇಂಥ ರೋಗಿಗಳೇ ವಾಸವಾಗಿರುವ ಒಂದು ಊರಿದೆ. ಅಲ್ಲಿಗೆ ನಮ್ಮ ಸಭೆಯಿಂದ ಸೇವೆಗೆ ಒಂದು ತಂಡ ಕಳಿಸುವುದೆಂದು ತೀರ್ಮಾನವಾದಾಗ, ಚಪ್ಪಲಿ ಮಾಡುವುದನ್ನು ಕಲಿಸಿಕೊಡಲು ಜಯರಾಜರೇ ಹೋಗಬೇಕೆಂದು ನಮ್ಮ ಪಾದ್ರಿ ಅಯ್ಯನವರು ಹೇಳಿದ್ದರು. ಅದಾದ ಮೇಲೆ ನಮ್ಮವರು ಮನೆಯಲ್ಲಿ ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಹೋಗಿ ಬರುವವರಿಗೆಲ್ಲ ಪಾಸ್‌ಪೋರ್ಟ್ ತೋರಿಸಿದ್ದೇ ತೋರಿಸಿದ್ದು. ಅಷ್ಟರಲ್ಲಿ ಹೀಗಾಯಿತು.

ಆಸ್ಪತ್ರೆಯಿಂದ ಬಂದವರೇ ಚಪ್ಪಲಿ ಮಾಡುವ ಹತಾರದ ಚೀಲವನ್ನು ಕಾಲಿನಿಂದ ಮಂಚದ ಕೆಳಗೆ ತಳ್ಳಿಬಿಟ್ಟರು. ಊಟಕ್ಕೆ ಕರೆದರೆ ಬರುವರು, ಮಲಗಿ ಎಂದರೆ ಮಲಗುವರು. ನನಗೆ ಬೈದಿದ್ದರೂ ಸಂತೋಷಪಡುತ್ತಿದ್ದೆ. ಒಂದು ದಿನ ತಾವಾಗಿಯೇ ಹೇಳಿದರು: "ನನ್ನ ಬದ್ಲು ಬೇರೆಯವ್ರನ್ನ ನೋಡ್ಕೊಳಿ ಅಂತ ಅಯ್ಯನೋರಿಗೆ ಹೇಳ್ಬುಡು ಸುಗುಣಾ. ಈ ಕೈ ಮುಗೀತು." ನಾನು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿಟ್ಟು ಅತ್ತೆ. ಅವತ್ತಿನಿಂದ ನನ್ನದು ಒಂದೇ ಪ್ರಾರ್ಥನೆ. ಕರ್ತನೇ, ಈ ಕೈಗೆ ಇನ್ನೊಂದು ಸಲ ಕೆಲಸ ಕೊಡು. ನಾನು ಅಯ್ಯನವರಿಗೆ ಮಾತ್ರ ಏನೂ ಹೇಳಲಿಲ್ಲ.

ಗುಬ್ಬಿಯ ಅನಿತಾ ನಿಮಗೆಲ್ಲ ಗೊತ್ತಿರುವ ಹುಡುಗಿ. ಫಿಸಿಯೋಥೆರಪಿ ಓದಿದವಳು, ಮಲಾವಿ ತಂಡದ ಲೀಡರೂ ಅವಳೇ. ಅವಳು ಗುಬ್ಬಿಯಿಂದ ಬಸ್ಸು ಹಿಡಿದು ಬಂದು ಬಂದು ಇವರ ಕೈಗೆ ವ್ಯಾಯಾಮ ಮಾಡಿಸಿದಳು. ರಬ್ಬರ್ ಚೆಂಡು ಹಿಸುಕಿ ಅಂಕಲ್ ಎಂದರೆ ಇವರು ಚಿಕ್ಕ ಮಕ್ಕಳ ಹಾಗೆ ಮುಖ ತಿರುಗಿಸುವರು. ಕೊನೆಗೆ ಅವಳೇ ಬಗ್ಗಿ ಮಂಚದ ಕೆಳಗಿನ ಚೀಲ ಎಳೆದು, ಅದರಲ್ಲಿದ್ದ ರಂಪಿಗೆ, ಅಂದರೆ ರಬ್ಬರು ಕೊಯ್ಯುವ ಅಗಲ ಬಾಯಿಯ ಉಳಿಯನ್ನು ಹೊರಗೆ ತೆಗೆದಳು. ಹಿಡಿಗೆ ಹಳೇ ಸೈಕಲ್ ಟ್ಯೂಬು ಸುತ್ತಿ ದಪ್ಪ ಮಾಡಿ ಅವರ ಕೈಯಲ್ಲಿಟ್ಟಳು. ಬೆರಳುಗಳು ನಿಧಾನವಾಗಿ ಅದರ ಸುತ್ತ ಮುಚ್ಚಿಕೊಂಡವು. ಚೆಂಡು ಹಿಡಿಯದ ಕೈ ರಂಪಿಗೆ ಹಿಡಿಯಿತು. ಇವರು ಅದನ್ನೇ ನೋಡುತ್ತ ಕುಳಿತರು, ನಾನು ಇವರನ್ನು ನೋಡುತ್ತ ನಿಂತೆ.

ಆಮೇಲೆ ನಮ್ಮ ಮನೆ ತುಂಬ ರಬ್ಬರಿನ ಚೂರು. ಕೈ ಮೊದಲಿನಂತಾಗಲಿಲ್ಲ, ನಡುಗುತ್ತಿತ್ತು. ಬೇರೆ ಯಾವ ಚಾಕು ಕೊಟ್ಟರೂ ಜಾರಿ ಬೀಳುತ್ತಿತ್ತು. ಆ ಒಂದು ರಂಪಿಗೆ, ಹಾಗೆಯೇ ಹಿಡಿ ಸುತ್ತಿದ, ಹೊಲಿಗೆ ಹಾಕುವ ಒಂದು ದಬ್ಬಳ, ಇವೆರಡು ಮಾತ್ರ ನಿಲ್ಲುತ್ತಿದ್ದವು. ಡಾಕ್ಟರು ನೋಡಿ, ಗುಳಿಗೆ ತಪ್ಪಿಸದಿದ್ದರೆ ಹೋಗಿಬರಬಹುದು ಎಂದರು. ಅವತ್ತು ಮನೆಯಲ್ಲಿ ಪಾಯಸ ಮಾಡಿದೆ.

ಈಗ ಹೊರಡುವ ದಿನದ ವಿಷಯ. ನಮ್ಮ ಸಭೆಯವರು ಯಾರೇ ದೂರ ಹೊರಟರೂ ಎಲ್ಲರೂ ಹೋಗಿ ಕಳಿಸಿಕೊಟ್ಟು, ಕಣ್ಣಿಗೆ ಮರೆಯಾಗುವ ತನಕ ಹಾಡಿ ಬರುವುದು ಹಿರಿಯರ ಕಾಲದ ಪದ್ಧತಿ. ಏರ್‌ಪೋರ್ಟಿಗೂ ಅದೇನಾ, ಒಳಗೆ ಬಿಡುವುದೂ ಇಲ್ಲ, ಮನೆಯವರು ಹೋದರೆ ಸಾಕು ಎಂದು ಸ್ತ್ರೀಯರ ಸಂಘದಲ್ಲಿ ವಾದ ಮಾಡಿದವಳು ನಾನೇ. ಯಾರೂ ಕೇಳಲಿಲ್ಲ. ಆರಾಧನೆ ಮುಗಿದು, ಅಯ್ಯನವರು ತಂಡದವರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಹೊರಗೆ ಬಂದರೆ ಬಸ್ಸೇ ನಿಂತಿತ್ತು.

ಅದೇ ಹೊತ್ತಿಗೆ ಬೆಳ್ಳಾವಿಯ ಮಾರ್ಥಮ್ಮ ಒಂದು ಚೀಲ ಕೊಬ್ಬರಿ ಗಿಟುಕು ಹೊತ್ತುಕೊಂಡು ಬಂದಳು. ತನ್ನ ಮನೆ ಹಿತ್ತಲಿನ ಮರದ್ದು. ತಂಡದ ಹೆಣ್ಣುಮಕ್ಕಳಿಗೆ ಮಡಿಲು ತುಂಬಬೇಕು, ಉಳಿದದ್ದು ಆ ರೋಗಿಗಳಿಗೆ ಎಂದಳು. ಕೊಬ್ಬರಿಯಲ್ಲಿ ಎಣ್ಣೆ ಇರುತ್ತದೆ, ಬೆಂಕಿಯ ಭಯಕ್ಕೆ ವಿಮಾನದಲ್ಲಿ ಬಿಡುವುದಿಲ್ಲ ಎಂದು ನಾನು ಖಡಾಖಂಡಿತವಾಗಿ ಹೇಳಿದೆ. "ಬರಿಗೈಲಿ ಹೆಂಗ್ ಕಳ್ಸೋದು ಸುಗುಣಕ್ಕಾ," ಎಂದು ಮುಖ ಸಣ್ಣ ಮಾಡಿಕೊಂಡು ಚೀಲವನ್ನು ಬಸ್ಸಿನ ಡಿಕ್ಕಿಗೆ ಹಾಕಿಸಿದಳು. ಆ ಚೀಲ ಸಭೆಯ ಜ್ಯೂಬಿಲಿಯಲ್ಲಿ ಮನೆಗೊಂದರಂತೆ ಹಂಚಿದ ನೀಲಿ ಬ್ಯಾಗು. ನಮ್ಮವರ ಹತಾರವೂ ಅಂಥದ್ದೇ ಬ್ಯಾಗಿನಲ್ಲಿತ್ತು. ಇದು ಆಗ ಯಾರಿಗೂ ಹೊಳೆಯಲಿಲ್ಲ.

ಏರ್‌ಪೋರ್ಟಿನಲ್ಲಿ ಸಾಮಾನು ಇಳಿಸಿದ್ದಾಯಿತು, ತಂಡ ಒಳಗೆ ಹೋಯಿತು. ನಾವು ಗಾಜಿನ ಬಾಗಿಲ ಹೊರಗೆ ನಿಂತು ಹಾಡುತ್ತಿದ್ದೆವು. ಆಗ ಅನಿತಾ ಫೋನ್ ಮಾಡಿದಳು. ಸ್ಕ್ಯಾನಿಂಗ್‌ನಲ್ಲಿ ಅಂಕಲ್ ಬ್ಯಾಗು ತಡೆದಿದ್ದಾರೆ, ತೆಗೆದರೆ ತುಂಬ ಕೊಬ್ಬರಿ, ಹತಾರ ಒಂದೂ ಇಲ್ಲ ಎಂದಳು. ಕೌಂಟರ್ ಮುಚ್ಚುವ ಹೊತ್ತು ಹತ್ತಿರ ಬಂದಿತ್ತು. ಹತಾರ ಬಸ್ಸಿನಲ್ಲೇ ಉಳಿದಿದೆ ಎಂದು ತಿಳಿಯಿತು, ಆದರೆ ಬಸ್ಸು ದೂರದ ಪಾರ್ಕಿಂಗಿಗೆ ಹೋಗಿಯಾಗಿತ್ತು. ಡ್ರೈವರ್ ಫೋನ್ ಎತ್ತುತ್ತಿಲ್ಲ. ಅಯ್ಯನವರು ಅವನನ್ನು ಹುಡುಕಲು ಓಡಿದರು. ಅಲ್ಲೇ ಹೊಸ ಚಾಕು ಕೊಂಡರಾಯಿತು ಎಂದು ಅನಿತಾ ಹೇಳುತ್ತಿರುವಾಗಲೇ ನಮ್ಮವರು ಫೋನ್ ಇಸಿದುಕೊಂಡರು.

"ಬೇರೇದು ನನ್ನ ಕೈಲಿ ನಿಲ್ಲಲ್ಲ, ನಿನಗೆ ಗೊತ್ತಲ್ಲ. ಹತಾರ ಬರ್ಲಿಲ್ಲ ಅಂದ್ರೆ ನಾನು ವಾಪಸ್ ಬರ್ತೀನಿ ಕಣೇ. ಸುಮ್ನೆ ಕೂತು ಉಣ್ಣಕ್ಕೆ ಅಷ್ಟು ದೂರ ಯಾಕೆ?"

ಮಂಚದ ಕೆಳಗೆ ಚೀಲ ತಳ್ಳಿದ ದಿನದ ದನಿಯೇ ಅದು. ಈ ಸಲ ವಾಪಸು ಬಂದು ಕುಳಿತರೆ ಮತ್ತೆ ಏಳುವುದಿಲ್ಲ ಎಂದು ನನಗೆ ಖಾತ್ರಿಯಾಯಿತು. ಅಲ್ಲೇ ಕಲ್ಲುಕಟ್ಟೆಯ ಮೇಲೆ ಕುಳಿತು ಕಣ್ಣು ಮುಚ್ಚಿದೆ. ದೊಡ್ಡ ಪ್ರಾರ್ಥನೆ ಬಾಯಿಗೆ ಬರಲಿಲ್ಲ. ಕರ್ತನೇ, ಇಷ್ಟು ದೂರ ಕರೆದುಕೊಂಡು ಬಂದವನು ನೀನು, ಈಗ ಬಾಗಿಲಿನಿಂದ ವಾಪಸು ಕಳಿಸಬೇಡ ಎಂದೆ, ಅಷ್ಟೇ.

ಕಣ್ಣು ಬಿಟ್ಟರೆ, ಟ್ಯಾಕ್ಸಿಗಳ ಮಧ್ಯೆ, ಟ್ರಾಲಿಗಳ ಮಧ್ಯೆ, ತಲೆಯ ಮೇಲೆ ನೀಲಿ ಬ್ಯಾಗು ಹೊತ್ತು ಮಾರ್ಥಮ್ಮ ಬರುತ್ತಿದ್ದಳು. ಹೊಲದಿಂದ ಹುಲ್ಲಿನ ಹೊರೆ ತರುವ ನಡಿಗೆ. ಸೂಟು ಹಾಕಿದವರೆಲ್ಲ ಸರಿದು ದಾರಿ ಬಿಡುತ್ತಿದ್ದರು.

"ಹಾಡು ಮುಗುಸ್ಕಂಡು ಎಲ್ರೂ ಹಸ್ಕಂಡು ಬತ್ತಾರೆ, ಬೆಲ್ಲದ್ ಜೊತೆ ಕೊಬ್ಬರಿನಾದ್ರೂ ಕೊಡಾನ ಅಂತ ಬಸ್ಸಲ್ಲೇ ಉಳ್ಕಂಡೆ," ಎಂದಳು ಏದುಸಿರು ಬಿಡುತ್ತ. "ಚೀಲ ತಗುದ್ರೆ ಅಣ್ಣನ ಹತಾರ. ಫೋನ್ ಮಾಡಕ್ಕೆ ನಂಗೆ ಬರಲ್ಲ. ಹೊತ್ಕಂಡು ಬಂದ್ಬುಟ್ಟೆ ಕಣಕ್ಕಾ."

ನಾನು ಅವಳನ್ನು ತಬ್ಬಿಕೊಂಡು ಜೋರಾಗಿ ಅತ್ತೆ. ನಮ್ಮವರು ಬಾಗಿಲ ಕಾವಲಿನವರನ್ನು ಕೇಳಿಕೊಂಡು ಕೊಬ್ಬರಿ ಬ್ಯಾಗು ಹಿಡಿದು ಹೊರಗೆ ಬಂದರು, ಹತಾರದ ಬ್ಯಾಗು ಮುಟ್ಟಿ ನೋಡಿ ತೆಗೆದುಕೊಂಡರು. ಹೊರಟವರು ಏನೋ ನೆನೆಸಿಕೊಂಡು ನಿಂತು, ಮಾರ್ಥಮ್ಮನ ಬ್ಯಾಗಿನಿಂದ ಒಂದು ಗಿಟುಕು ತೆಗೆದು ಕಲ್ಲಿಗೆ ಕುಟ್ಟಿ ಒಂದು ಚೂರು ಬಾಯಿಗೆ ಹಾಕಿಕೊಂಡರು. "ಹೊಟ್ಟೇಲಿ ಇಟ್ಕೊಂಡ್ ಹೋದ್ರೆ ಯಾರೂ ತಡೆಯಲ್ಲ ಮಾರ್ಥಮ್ಮ," ಎಂದು ನಕ್ಕು ಒಳಗೆ ಹೋದರು. ಸ್ಟ್ರೋಕ್ ಆದ ಮೇಲೆ ಅವರು ತಮಾಷೆ ಮಾಡಿದ್ದು ಅದೇ ಮೊದಲು.

ಆಮೇಲೆ ಯೋಚಿಸಿದೆ. ಬದಲಾದ ಬ್ಯಾಗಿನಲ್ಲಿ ಬಟ್ಟೆ ಇದ್ದಿದ್ದರೆ ಯಾರೂ ತಡೆಯುತ್ತಿರಲಿಲ್ಲ, ಮಲಾವಿಯಲ್ಲಿ ಬಿಚ್ಚಿದಾಗಲೇ ತಿಳಿಯುತ್ತಿತ್ತು. ನನ್ನ ಮಾತು ಕೇಳಿ ಸಭೆಯವರು ಬರದಿದ್ದರೆ, ಬಂದವರು ತಕ್ಷಣ ಹೊರಟುಬಿಟ್ಟಿದ್ದರೆ, ಹತಾರ ತಲುಪುತ್ತಲೇ ಇರಲಿಲ್ಲ. ನಾನು ಬೇಡ ಎಂದ ಎರಡನ್ನೂ ಹಿಡಿದುಕೊಂಡೇ ಕರ್ತನು ನನ್ನ ಮೊರೆ ಕೇಳಿದನು. ಅವನಿಗೆ ಸ್ತೋತ್ರ. ಅವತ್ತು ಯಾವ ವಿಮಾನ ನಮ್ಮವರದೆಂದು ಗೊತ್ತಾಗದೆ ಮೇಲೆ ಹೋದ ಎಲ್ಲದಕ್ಕೂ ಕೈ ಬೀಸಿ, ಕೊಬ್ಬರಿ ಬೆಲ್ಲ ತಿಂದು ತುಮಕೂರಿಗೆ ಬಂದೆವು.

ಮೊನ್ನೆ ಭಾನುವಾರ ಅಲ್ಲಿಂದ ಫೋನ್ ಬಂತು. ಮೊದಲ ಜೋಡಿ ಚಪ್ಪಲಿ ಒಬ್ಬ ಅಜ್ಜಿಗಂತೆ. ಹಾಕಿಕೊಂಡು ಬೋರ್‌ವೆಲ್ ತನಕ ನಡೆದುಹೋಗಿ, ವಾಪಸು ಬಂದು ಕುಳಿತು, ಎರಡೂ ಪಾದ ಎತ್ತಿ ತೋರಿಸಿದರಂತೆ. ಒಂದು ಗೀರೂ ಇರಲಿಲ್ಲವಂತೆ. ಕೈ ಹೇಗಿದೆ ಎಂದು ಕೇಳಿದೆ. "ನಡುಗ್ತದೆ," ಎಂದರು. "ಹೊಲಿಗೆ ನೆಟ್ಟಗೆ ಬರ್ತದೆ."

ಅವರು ಹಿಂದಿರುಗುವ ದಿನ ಕರೆತರಲು ಮನೆಯವರಷ್ಟೇ ಹೋದರೆ ಸಾಲದೇ ಎಂದು ಅಯ್ಯನವರು ಸಂಘದಲ್ಲಿ ಕೇಳಿದರು. ನಾನು ಎದ್ದು ನಿಂತು, ಬಸ್ಸೇ ಆಗಬೇಕು, ಮಾರ್ಥಮ್ಮನಿಗೆ ಮುಂದಿನ ಸೀಟು ಎಂದೆ.