ಗಿರಣಿ ನಿಂತ ವಾರ

ದರ್ಜಿಯ ಹೆಂಡತಿ ಗಿರಣಿಯಕ್ಕನನ್ನು ಮೊದಲು ಕಂಡ ದಿನ ಗಿರಣಿ ನಿಂತಿತ್ತು. ಮೋಟಾರು ಸುಟ್ಟ ವಾಸನೆ ಬೀದಿಯವರೆಗೂ ಬಂದಿತ್ತು. ಅಕ್ಕ ಮಾತ್ರ ಏನೂ ಆಗದವಳಂತೆ ಅವಳ ಕೈಯಿಂದ ಗೋಧಿಯ ಡಬ್ಬ ಇಳಿಸಿಕೊಂಡಳು.

“ಇಟ್ಟು ಹೋಗಮ್ಮ, ಸಂಜೆ ಬಾ.”

ಸಂಜೆ ಹಿಟ್ಟು ಸಿದ್ಧವಾಗಿತ್ತು, ಡಬ್ಬ ಇನ್ನೂ ಬೆಚ್ಚಗಿತ್ತು. ಮೋಟಾರು ಮೂಲೆಯಲ್ಲಿ ಬಿಚ್ಚಿದಂತೆಯೇ ಬಿದ್ದಿತ್ತು.

ಗುಟ್ಟು ಮರುದಿನ ತಿಳಿಯಿತು. ಅಕ್ಕ ಹಿತ್ತಿಲ ಬಾಗಿಲಿನಿಂದ ಡಬ್ಬಗಳನ್ನು ಕೈಗಾಡಿಗೆ ಹೇರಿ, ಸೇತುವೆಯಾಚೆಯ ಗಿರಣಿಗೆ ತಳ್ಳಿಕೊಂಡು ಹೋಗಿ ಬೀಸಿಸಿಕೊಂಡು ಬರುತ್ತಿದ್ದಳು. ಸೇತುವೆಯ ಏರಿನಲ್ಲಿ ಗಾಡಿ ಹಿಂದಕ್ಕೆ ಜಾರುವುದನ್ನು ಕಂಡು ದರ್ಜಿಯ ಹೆಂಡತಿ ತಾನೂ ತಳ್ಳಿದಳು.

“ಇಷ್ಟು ಪಾಡು ಯಾಕಕ್ಕಾ? ರಿಪೇರಿ ಆಗೋವರೆಗೆ ಬಾಗಿಲು ಹಾಕಬಾರದಾ?”

“ಮೋಟಾರು ಒಂದು ವಾರ ಮಲಗಲಿ, ತಡ್ಕೋತೀನಿ. ಗಿರಾಕಿಯ ಕಾಲು ಈ ಸೇತುವೆಯ ದಾರಿ ಕಲಿತರೆ ತಡ್ಕೊಳ್ಳೋಕಾಗಲ್ಲ. ಮುಚ್ಚಿದ ಬಾಗಿಲು ಒಂದು ಸಲ ಕಂಡರೆ ‘ಪಾಪ’ ಅಂತಾರೆ. ಇನ್ನೊಂದು ಸಲ ಕಂಡರೆ ಬೈತಾರೆ. ಆಮೇಲೆ ಬೈಯೋಕೂ ಬರಲ್ಲ.”

ಸೇತುವೆಯಾಚೆಯ ಗಿರಣಿಯವನು ಗಾಡಿ ಕಂಡು ನಕ್ಕ. “ಅಕ್ಕಾ, ನನಗೀಗ ನಿಮಗಿಂತ ದೊಡ್ಡ ಗಿರಾಕಿ ಇಲ್ಲ.”

“ನಗಪ್ಪಾ ನಗು. ನಿನ್ನ ಮೋಟಾರೂ ಕಬ್ಬಿಣದ್ದೇ, ಒಂದು ದಿನ ಮಲಗುತ್ತೆ.”

ವಾರದ ಕೊನೆಗೆ ಎಡವಟ್ಟಾಯಿತು. ಶಾಲೆಯ ಮೇಷ್ಟರು ಬಂದು, “ಈ ಸಲ ಹಿಟ್ಟು ಹೂವಿನ ಹಾಗಿತ್ತು ಕಣಮ್ಮ. ಇನ್ಮೇಲೆ ಹೀಗೇ ಬೀಸಿಕೊಡು,” ಅಂದರು. ಅವರ ಹಿಂದೆ ಬಂದವರೂ ಅದನ್ನೇ ಹೇಳಿದರು. ಅಕ್ಕ ಹೂಂಗುಟ್ಟಿದಳು. ಅವರು ಹೋದ ಮೇಲೆ ತನ್ನ ಗಿರಣಿಯ ಕಲ್ಲಿನ ಮೇಲೆ ಬೆರಳಾಡಿಸಿದಳು. ಹಲ್ಲು ಸವೆದು ಕಲ್ಲು ನುಣುಪಾಗಿತ್ತು. ದಿನವೂ ಅದರ ಮುಂದೆ ಕೂತವಳಿಗೇ ಅದು ಕಂಡಿರಲಿಲ್ಲ.

“ವಾರ ಹೆಂಗೋ ದಾಟಿತು. ಈ ಕಲ್ಲಿನ ಹಿಟ್ಟು ಕೊಟ್ಟರೆ ಒಂದು ದಿನವೂ ದಾಟಲ್ಲ ಕಣೇ,” ಅಂದಳು ದರ್ಜಿಯ ಹೆಂಡತಿಗೆ.

ಮೋಟಾರು ರಿಪೇರಿಯಾಗಿ ಬಂದರೂ ಅಕ್ಕ ಗಿರಣಿ ಚಾಲೂ ಮಾಡಲಿಲ್ಲ. ಕಲ್ಲು ಬಿಚ್ಚಿಸಿ ಹೊಸದಾಗಿ ಹಲ್ಲು ಕುಟ್ಟಿಸಿದಳು. ಅಲ್ಲಿಯವರೆಗೂ ಗಾಡಿ ಸೇತುವೆ ಹತ್ತಿತು, ಇಳಿಯಿತು. ಮೇಷ್ಟರು ಸೇರಿದಂತೆ ಗಿರಾಕಿಗಳು ಯಾರೂ ತಪ್ಪಿಹೋಗಲಿಲ್ಲ.

ದರ್ಜಿ ತೀರಿಕೊಂಡ ಮೇಲೆ ಅವನ ಹೆಂಡತಿ ಅದೇ ಗಿರಣಿಯಲ್ಲಿ ಕೆಲಸಕ್ಕೆ ನಿಂತಳು. ಅಕ್ಕ ಅವಳಿಗೆ ಕಲ್ಲು ಬಿಗಿ ಮಾಡುವುದನ್ನೂ ಸಡಿಲಿಸುವುದನ್ನೂ ಕಲಿಸಿದಳು. ಇಬ್ಬರ ತಲೆಯೂ ನೆರೆಯಿತು. ಎಷ್ಟು ಹಿಟ್ಟಿನಿಂದ, ಎಷ್ಟು ವಯಸ್ಸಿನಿಂದ ಅಂತ ಹೇಳುವುದು ಕಷ್ಟ. ಹಿಟ್ಟಿನ ಧೂಳು ಕುಡಿದ ಅಕ್ಕನ ಎದೆ ಕೊನೆಗೆ ಕೈಕೊಟ್ಟಿತು. ಆಸ್ಪತ್ರೆಗೆ ಸೇರಿಸಿದರು.

ಒಂದು ಬೆಳಿಗ್ಗೆ ದರ್ಜಿಯ ಹೆಂಡತಿ ಹಾಲು ತೆಗೆದುಕೊಂಡು ಹೋಗಿ ಮಂಚದ ಪಕ್ಕ ಕೂತಳು. ಅಕ್ಕ ಉಸಿರೆಳೆದುಕೊಂಡು ಅವಳನ್ನೇ ದಿಟ್ಟಿಸಿದಳು.

“ನೀನಿಲ್ಲಿ ಕೂತಿದ್ದೀಯಲ್ಲ, ಅಲ್ಲಿ ಗಿರಣಿ ಬಾಗಿಲು ತೆಗೆದವರು ಯಾರೇ?”