ಕಸ ಹೊಡೆಯದ ಕೋಣೆ

ಕಮಲಾಪುರದಲ್ಲಿ ಅಕ್ಕ ಕಟ್ಟಿಸಿದ ಹೊಸ ಮನೆಯ ವಾಸ್ತುಶಾಂತಿಗೆ ನಾನು ಒಯ್ದದ್ದು ಒಂದು ಟ್ರೇ. ಕಲಬುರಗಿಯ ಗಿಫ್ಟ್ ಅಂಗಡಿಯಲ್ಲಿ ಅದನ್ನು ಕಂಡು ಕಾಲುಗಳು ಅಲ್ಲೇ ನಿಂತುಬಿಟ್ಟಿದ್ದವು. ಅದರ ಮೇಲೆ ಸುಮಾರು ಎರಡು ಸಾವಿರ ವರ್ಷ ಹಿಂದಿನ ರೋಮ್ ಪಟ್ಟಣದ ಒಂದು ಮನೆಯ ನೆಲದ ಚಿತ್ರವಿತ್ತು. ಬಣ್ಣದ ಕಲ್ಲಿನ ಸಣ್ಣ ಸಣ್ಣ ಚೂರು ಜೋಡಿಸಿ ಮಾಡಿದ ನೆಲ. ಊಟ ಮುಗಿದ ಮೇಲೆ ಬಿದ್ದ ದ್ರಾಕ್ಷಿಯ ತೊಟ್ಟು, ಅಕ್ರೋಟಿನ ಸಿಪ್ಪೆ, ಎಲೆ, ಒಂದು ಪುಟ್ಟ ಇಲಿ. ಎಲ್ಲದಕ್ಕೂ ಒಂದೊಂದು ನೆರಳು. ಚಿತ್ರದ ಹೆಸರು ‘ಕಸ ಹೊಡೆಯದ ಕೋಣೆ’ ಎಂದು ಡಬ್ಬಿಯೊಳಗಿನ ಚೀಟಿ ಹೇಳುತ್ತಿತ್ತು.

ನಾವಿಬ್ಬರೂ ಬೆಳೆದ ಶಹಾಬಜಾರದ ಮನೆಯ ಪಡಸಾಲೆಗೂ ಒಡೆದ ಟೈಲ್ಸಿನ ಚೂರುಗಳನ್ನೇ ಕೂಡಿಸಿದ್ದರು. ಮಧ್ಯಾಹ್ನ ಅದರ ಮೇಲೆ ಬೋರಲು ಮಲಗಿ ನಾನು ಒಂಟೆ, ದೋಣಿ, ಮೀಸೆಯ ಮುದುಕನನ್ನು ಹುಡುಕುತ್ತಿದ್ದೆ. ಅಕ್ಕ ಕಸಬರಿಗೆ ಹಿಡಿದು ಬಂದು, “ಏಳು, ನಿನ್ನ ಒಂಟಿ ಮ್ಯಾಲೆ ಧೂಳ ಕೂತದ” ಅನ್ನುತ್ತಿದ್ದಳು. ಅವ್ವ ಬೇಗ ತೀರಿಕೊಂಡಿದ್ದರಿಂದ ನನ್ನನ್ನು ಬೆಳೆಸಿದವಳು ಹತ್ತು ವರ್ಷ ದೊಡ್ಡವಳಾದ ಈ ಅಕ್ಕನೇ. ಅವಳಿಗೆ ಕಸ ಕಂಡರೆ ಆಗದು, ನನಗೆ ಕನಸು ಬಿಟ್ಟರೆ ಬೇರೆ ಕೆಲಸವಿಲ್ಲ. ಟ್ರೇ ನೋಡಿ ಅವಳಿಗೂ ಆ ನೆಲ ನೆನಪಾದೀತು ಅಂದುಕೊಂಡಿದ್ದೆ.

ಶಾಂತಿಯ ದಿನ ಅಕ್ಕ ಟ್ರೇಯನ್ನು ಮೊದಲು ತೊಳೆದಳು. ಆಮೇಲೆ ಬೂದಿ ಹಾಕಿ ತಿಕ್ಕಿದಳು.

“ಎಷ್ಟ್ ತಿಕ್ಕಿದ್ರೂ ಈ ಮುಸುರಿ ಹೋಗವಲ್ದಲ್ಲ?”

“ಅಕ್ಕಾ, ಅದು ಚಿತ್ರ ಅದ.”

ಅವಳು ಕನ್ನಡಕ ಏರಿಸಿ ನೋಡಿದಳು. “ಇದೇನಿದು, ಕೋಳಿ ಕಾಲು?”

ನನಗೆ ಅಂಗಡಿಯಲ್ಲಿ ಅದು ಕಂಡೇ ಇರಲಿಲ್ಲ. ದ್ರಾಕ್ಷಿಯ ಪಕ್ಕದಲ್ಲೇ ಕೋಳಿಯ ಕಾಲಿತ್ತು, ಅದರಾಚೆ ಮೀನಿನ ಮುಳ್ಳು. ಅಕ್ಕನೋ ಲಿಂಗಪೂಜೆ ಆಗದೆ ತುತ್ತು ಮುಟ್ಟದವಳು, ಉಂಡ ತಟ್ಟೆ ತೊಳೆದು ಆ ನೀರನ್ನೂ ಕುಡಿಯುವವಳು.

“ಹೊಸ ಮನಿಗಿ ಎಲುಬು ತಂದಾಳ ನೋಡ್ರಿ” ಎಂದು ನೆಂಟರ ಮುಂದೆಯೇ ಅಂದು, ಟ್ರೇಯನ್ನು ಬೋರಲು ಮಾಡಿ ಅಟ್ಟಕ್ಕೆ ಹಾಕಿದಳು. ಎಲ್ಲರೂ ನಕ್ಕರು. ಅವಳು ಬೋರಲು ಹಾಕಿದ್ದು ನನ್ನನ್ನೇ ಅನ್ನಿಸಿತು.

ಎರಡು ತಿಂಗಳು ನಾನು ಕಮಲಾಪುರದ ಕಡೆ ತಲೆ ಹಾಕಲಿಲ್ಲ. ಫೋನಿನಲ್ಲೂ ಬರೀ ಹೂಂ, ಹಾಂ. ಅಕ್ಕನಿಗೆ ನಾನು ಬೇಡವಾದೆನೇ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಕೊನೆಗೆ ಒಂದು ಭಾನುವಾರ ನಾನೇ ಸೋತು ಅವಳ ಮನೆಗೆ ಹೋದೆ. ನೆಲದ ಮೇಲೆ ಕೂತು ಚುರುಮುರಿ ತಿಂದೆವು, ಶೇಂಗಾ ಸುಲಿದೆವು, ಆ ಊರಿನ ಕೆಂಪು ಬಾಳೆಹಣ್ಣು ತಿಂದೆವು. ಟ್ರೇಯ ಮಾತು ಇಬ್ಬರೂ ಎತ್ತಲಿಲ್ಲ.

ಸಂಜೆಯ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿದೆ. ಕೆಂಪು ಮಣ್ಣು, ತೊಗರಿ ಹೊಲ, ಇಳಿಬಿಸಿಲು ಎಲ್ಲ ಚೂರು ಚೂರಾಗಿ ಹಿಂದೆ ಸರಿಯುತ್ತಿದ್ದವು. ಆ ಚೂರುಗಳಲ್ಲಿ ಮತ್ತೆ ಒಂಟೆ ಹುಡುಕುತ್ತ ನಿದ್ದೆ ಹೋದೆ. ಕಲಬುರಗಿಯ ಜೇವರ್ಗಿ ಕಾಲೋನಿಯ ನನ್ನ ಮನೆಗೆ ಬಂದ ಮೇಲೆ ನೋಡುತ್ತೇನೆ, ಫೋನು ಅಕ್ಕನ ಮನೆಯಲ್ಲೇ ಉಳಿದಿದೆ. ಅವಳ ನಂಬರು ನನಗೆ ಬಾಯಿಪಾಠ ಇಲ್ಲ, ಅದು ಇರುವುದೂ ಆ ಫೋನಿನಲ್ಲೇ. ನಾಳೆ ಹೋಗಿ ತಂದರಾಯಿತು ಎಂದು ಸುಮ್ಮನಾದೆ.

ಮರುದಿನ ಬೆಳಿಗ್ಗೆ ಹೋದಾಗ, ಅಂಗನವಾಡಿ ಟೀಚರಾದ ಅಕ್ಕ ಪಾಠ ಹೇಳಬೇಕಾದ ಹೊತ್ತಿಗೆ ಹೊಸ್ತಿಲಲ್ಲಿ ಕೂತಿದ್ದಳು. ಒಳಗೆ ನೆಲ ನಿನ್ನೆ ಬಿಟ್ಟಂತೆಯೇ ಇತ್ತು. ಶೇಂಗಾ ಸಿಪ್ಪೆ, ಕಪ್ಪಾದ ಬಾಳೆಹಣ್ಣಿನ ಸಿಪ್ಪೆ, ಚೆಲ್ಲಿದ ಚುರುಮುರಿ, ಇರುವೆಯ ಸಾಲು. ಎಳೆ ಬಿಸಿಲಿಗೆ ಎಲ್ಲದಕ್ಕೂ ಒಂದೊಂದು ನೆರಳು ಬಿದ್ದಿತ್ತು.

“ಅಕ್ಕಾ, ಕಸ ಹೊಡೆದಿಲ್ಲೇನು?”

“ನೀ ಮುಟ್ಟಿದ ಸುದ್ದಿ ಎಲ್ಲಿ ಬಂದದ? ಹೋದವರು ಮನಿ ಮುಟ್ಟೋತನಕ ಹ್ಯಾಂಗ ಹೊಡೀಲಿ?”

ಈ ಪದ್ಧತಿಯನ್ನು ನಾನು ಮರೆತೇಬಿಟ್ಟಿದ್ದೆ. ಪ್ರತಿ ಸಲ ಅವಳ ಮನೆಯಿಂದ ಊರಿಗೆ ಬಂದು ಫೋನಿನಲ್ಲಿ “ಮುಟ್ಟಿದೆ” ಅಂದ ಕೂಡಲೇ ಅಕ್ಕ ಫೋನು ಇಟ್ಟುಬಿಡುತ್ತಿದ್ದಳು. ಎಂಥ ಒರಟು ಹೆಂಗಸು ಎಂದು ನಾನು ಬೈದುಕೊಳ್ಳುತ್ತಿದ್ದೆ. ಅವಳು ಅಷ್ಟೂ ಹೊತ್ತು ಕಸದ ನಡುವೆ ನನಗಾಗಿ ಕಾಯುತ್ತಿದ್ದಳು. ಹೊಸ್ತಿಲಲ್ಲೇ ನಿಂತು ಅತ್ತುಬಿಟ್ಟೆ.

“ಅಳೋದು ಆಮ್ಯಾಲೆ, ಮೊದಲ ಕಾಲು ಎತ್ತು” ಎಂದು ಅಕ್ಕ ಕಸಬರಿಗೆ ತಂದಳು.

ಅವಳು ಗುಡಿಸುತ್ತಿದ್ದಾಗ ಆ ಚಿತ್ರದ ಹೆಸರು ಹೇಳಿದೆ. ಅವಳ ಕೈ ನಿಂತಿತು. ತಾನೇ ಅಟ್ಟದಿಂದ ಟ್ರೇ ಇಳಿಸಿ, ಸೆರಗಿನಿಂದ ಒರೆಸಿ, ಕೋಳಿಯ ಕಾಲಿಗೆ ಬೆರಳು ತಾಗದಂತೆ ಹಿಡಿದು ಬಹಳ ಹೊತ್ತು ನೋಡಿದಳು.

“ಹಂಗಾದ್ರ ಇವರ ಮನಿಯಿಂದ ಹೋದವರು ಇನ್ನಾ ಮುಟ್ಟಿಲ್ಲನ್ನು.”

ಟ್ರೇ ಅಡುಗೆಮನೆಗೆ ಹೋಗಲಿಲ್ಲ. ಬಾಗಿಲ ಪಕ್ಕದ ಗೂಡಿನಲ್ಲಿ, ಅವಳು ಫೋನು ಇಡುವ ಜಾಗದಲ್ಲಿ, ಮುಖ ಮುಂದಾಗಿ ನಿಂತಿತು. ಹೊರಟಾಗ ಅಕ್ಕ ನನ್ನ ಫೋನು ಕೈಗಿಟ್ಟು ಟ್ರೇಯತ್ತ ಕಣ್ಣು ಹಾಯಿಸಿದಳು.

“ಮುಟ್ಟಿದ ಮ್ಯಾಲೆ ಫೋನ್ ಹಚ್ಚು. ಇವರ ಮನಿಯಿಂದ ಹೋದವರಂಗ ಮಾಡಬ್ಯಾಡ.”