ಮೂವತ್ತು ಕಂಪನಿಗೊಬ್ಬ ನೀರುಗಂಟಿ

೧೯೯೮ರ ಆಗಸ್ಟ್ ಮೂರು, ಸೋಮವಾರ, ಬೆಳಗ್ಗೆ ಐದು ಗಂಟೆ ನಲವತ್ತು ನಿಮಿಷ. ಕುಳ್ಳಯ್ಯ ಉಪನಾಲೆಯ ತೂಬಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಬಲಗೈಯನ್ನು ಮಣಿಕಟ್ಟಿನವರೆಗೆ ನೀರಿಗಿಳಿಸಿ, ಎಡಗೈಯ ಗಡಿಯಾರ ನೋಡುತ್ತಿದ್ದ. ನೀರಿನ ರಭಸ ತಿಳಿಯಲು ಅವನಿಗೆ ಬೇರೆ ಅಳತೆ ಬೇಕಿರಲಿಲ್ಲ. ಐದೂ ಮುಕ್ಕಾಲಿಗೆ ಕೆಂಪಣ್ಣನ ಗದ್ದೆಯ ಹೊತ್ತು ಮುಗಿದು ನೀರು ಪಕ್ಕದ ಗದ್ದೆಗೆ ತಿರುಗಬೇಕಿತ್ತು. ಆದರೆ ತಿರುಗಿಸುವ ಕೆಲಸ ಈಗ ಅವನದಲ್ಲ. ನೀರಾವರಿ ಇಲಾಖೆಯ ನೀರುಗಂಟಿ ಕುಳ್ಳಯ್ಯ ನಿವೃತ್ತನಾಗಿ ಎರಡು ತಿಂಗಳು ಮೂರು ದಿನ ಆಗಿತ್ತು.

"ನಂಗೂ ಗಡಿಯಾರ ಐತೆ ಕಣಣ್ಣೋ," ಎಂದ ಏರಿಯ ಮೇಲೆ ನಿಂತಿದ್ದ ಹೊಸ ನೀರುಗಂಟಿ ಚಲುವಯ್ಯ.

"ಅದು ಮೂರು ನಿಮಿಷ ಮುಂದೈತೆ ಕಣ್ಲಾ," ಎಂದು ಕುಳ್ಳಯ್ಯ ಕೈ ಒರೆಸಿಕೊಂಡು ಎದ್ದ.

ಪಾಂಡವಪುರ ತಾಲ್ಲೂಕು ಕ್ಯಾತನಹಳ್ಳಿ ಕಡೆಯ, ಅಣೆಕಟ್ಟೆಯ ನೀರು ಹರಿಯುವ ಆ ಉಪನಾಲೆಯ ಕೆಳಗೆ ಮೂವತ್ತೊಂದು ಜನರ ತೊಂಬತ್ತಾರು ಎಕರೆ ಇತ್ತು. ವಾರಕ್ಕೆ ನೂರ ಅರವತ್ತೆಂಟು ಗಂಟೆ. ಭಾಗಿಸಿದರೆ ಎಕರೆಗೆ ಒಂದೂ ಮುಕ್ಕಾಲು ಗಂಟೆ. ಸರದಿ ಬಂದ ಗದ್ದೆಯ ಬಾಯಿ ಬಿಡಿಸುವುದು, ಹೊತ್ತು ಮುಗಿದೊಡನೆ ಮುಚ್ಚಿ ಮುಂದಿನದನ್ನು ಬಿಡಿಸುವುದು, ಇಷ್ಟೇ ಕೆಲಸ. ಯಾರಿಗೆಷ್ಟು ಎಕರೆ ಎಂಬ ಪಟ್ಟಿ ಬರೆಯುವವರು ಗ್ರಾಮ ಲೆಕ್ಕಿಗರು. ಯಾರಾದರೂ ಎರಡೆಕರೆ ಮಾರಿದರೆ ಮಾರಿದವನ ಗಂಟೆ ಕೊಂಡವನಿಗೆ ಹೋಗುತ್ತಿತ್ತು. ಗದ್ದೆ ಹೋಗಿ ಮನೆ ಎದ್ದರೆ ಆ ಸರ್ವೆ ನಂಬರು ಪಟ್ಟಿಯಿಂದಲೇ ಹೋಗುತ್ತಿತ್ತು. ಮೂವತ್ತನಾಲ್ಕು ವರ್ಷ ಕುಳ್ಳಯ್ಯ ಇದನ್ನೇ ಮಾಡಿದ. ಊರಿನ ಅರ್ಧ ಜನಕ್ಕೆ ಅದು ಕೆಲಸವೆಂದೇ ಅನ್ನಿಸಿರಲಿಲ್ಲ. ತೂಬಿನ ಕಲ್ಲಿನ ಮೇಲೆ ಕೂತು ಬೀಡಿ ಸೇದುವುದಕ್ಕೆ ಸರ್ಕಾರ ಸಂಬಳ ಕೊಡುತ್ತದೆ ಎನ್ನುತ್ತಿದ್ದರು. ಕುಳ್ಳಯ್ಯ ಬೀಡಿ ಸೇದುತ್ತಿರಲಿಲ್ಲ.

ಇಲಾಖೆಯಿಂದ ಬಂದ ಹಣದಲ್ಲಿ ಮನೆಗೆ ಹೊಸ ಹೆಂಚು ಹೊದಿಸಿ ತೊಂಬತ್ತು ಸಾವಿರ ಉಳಿದಿತ್ತು. ಅರವತ್ತನ್ನು ಹೆಂಡತಿ ಮಂಚಮ್ಮನ ಮಾತಿನಂತೆ ಅಂಚೆ ಕಚೇರಿಗೆ ಹಾಕಿದ. ಮಿಕ್ಕ ಮೂವತ್ತು ಸಾವಿರ ಮೊಮ್ಮಗಳು ಸಹನಳಿಗೆ. ಅಜ್ಜಿ ತಾತನ ಹತ್ತಿರವೇ ಇದ್ದು ಎಂಟನೇ ಕ್ಲಾಸು ಓದುತ್ತಿದ್ದ ಅವಳು, ಅಜ್ಜಿಯನ್ನು ಆದಿಚುಂಚನಗಿರಿಯ ಆಸ್ಪತ್ರೆಗೆ ಸೇರಿಸಿದ್ದಾಗ ನಾಲ್ಕು ದಿನ ಅಲ್ಲಿನ ನರ್ಸುಗಳ ಹಿಂದೆಯೇ ಸುತ್ತಿ, ಓದಿದರೆ ಅದನ್ನೇ ಓದುತ್ತೇನೆ ಎಂದು ಬಂದಿದ್ದಳು. ಅದಕ್ಕಿನ್ನೂ ಐದು ವರ್ಷ. ಅವಳ ತಂದೆಯ ಕೂಲಿಯಲ್ಲಿ ಆಗುವ ಮಾತಲ್ಲ. ಈ ಮೂವತ್ತು ಸಾವಿರ ಬೆಳೆದರೆ ನರ್ಸಿಂಗು, ಇಲ್ಲದಿದ್ದರೆ ಇಲ್ಲ.

ಆ ಸೋಮವಾರ ಹತ್ತು ಗಂಟೆಗೆ ಕೆಂಪಣ್ಣನ ಮಗ ರಘುನಂದನ್ ಮೊಪೆಡ್ಡಿನಲ್ಲಿ ಬಂದ. ಬಿ.ಕಾಂ. ಮಾಡಿ ಮ್ಯೂಚುವಲ್ ಫಂಡಿನ ಏಜೆಂಟ್ ಆಗಿದ್ದ ಇಪ್ಪತ್ತಾರರ ಹುಡುಗ. ಗೌಡರ ಮನೆಯವನು ತನ್ನ ಜಗಲಿಯ ಮೇಲೆ ಚಾಪೆ ಕೇಳದೆ ಕೂತದ್ದು ಕುಳ್ಳಯ್ಯನಿಗೆ ಇಷ್ಟವಾಯಿತು. ಅವರಪ್ಪನ ನೆನಪೂ ಬಂತು. ಅದಷ್ಟು ಇಷ್ಟವಾಗಲಿಲ್ಲ.

"ಮೂವತ್ತು ಕಂಪನಿ ಅವೆ ಕುಳ್ಳಯ್ಯನೋರೇ. ದೇಶದ ದೊಡ್ಡ ದೊಡ್ಡವು. ನಿಮ್ಮ ದುಡ್ಡು ಅಷ್ಟಕ್ಕೂ ಹಂಚಿ ಹೋಗ್ತದೆ."

"ಅದ್ರಲ್ಲಿ ಯಾವುದು ಚೆನ್ನಾಗಿ ಬತ್ತದೆ ಅಂತ ನೋಡಿ ಹಾಕ್ತಾರಾ?"

"ಇಲ್ಲ. ನೋಡಲ್ಲ. ಯಾವುದು ಎಷ್ಟು ದೊಡ್ಡದೋ ಅದಕ್ಕೆ ಅಷ್ಟು. ಆರಿಸೋ ಹಂಗೇ ಇಲ್ಲ."

"ಮತ್ತೆ ಅಲ್ಲೊಬ್ಬ ಮ್ಯಾನೇಜರು ಅವ್ನೆ ಅಂದ್ರಲ್ಲ?"

"ಅವ್ರೆ. ಆದ್ರೆ ಅವರು ತಮ್ಮ ಇಷ್ಟಕ್ಕೆ ಏನೂ ಮಾಡೋ ಹಂಗಿಲ್ಲ."

ಬಾಗಿಲಲ್ಲಿ ಅವರೆಕಾಳು ಆರಿಸುತ್ತಿದ್ದ ಮಂಚಮ್ಮ ತಲೆ ಎತ್ತಿದಳು. "ಏನೂ ಮಾಡ್ದೆ ಇರೋಕೆ ಸಂಬಳವಾ? ಒಳ್ಳೆ ಕೆಲ್ಸ ಕಣಪ್ಪ. ನಮ್ಮನೆ ಯಜಮಾನ್ರಿಗೆ ಇನ್ನೊಂದ್ ಸಲ ಕೊಡ್ಸು."

ರಘುನಂದನ್ ನಕ್ಕ. ಕುಳ್ಳಯ್ಯ ನಗಲಿಲ್ಲ. ಮೂವತ್ತನಾಲ್ಕು ವರ್ಷ ಕೇಳಿದ್ದ ಮಾತು ಅದು. ಮನೆಯೊಳಗಿನಿಂದ ಬಂದರೆ ಇನ್ನೂ ಚುಚ್ಚುತ್ತಿತ್ತು. ಆದರೆ ಚುಚ್ಚಿದ ಜಾಗದಲ್ಲೇ ಏನೋ ಹೊಳೆಯಿತು. ಅವನು ಹುಡುಗನ ಕಡೆ ತಿರುಗಿ ಸರಿಯಾಗಿ ಕೂತುಕೊಂಡ.

"ಆ ಮೂವತ್ತರ ಪಟ್ಟಿ ಬರೆಯೋರು ಯಾರು?"

"ಷೇರುಪೇಟೆಯೋರು."

"ದುಡ್ಡು ಬುಡೋರು?"

"ಫಂಡಿನೋರು."

"ಇಬ್ರೂ ಒಂದೇ ಅಲ್ಲ ತಾನೆ?"

"ಅಲ್ಲ, ಬೇರೆ ಬೇರೆ."

"ಅಂಗಾದ್ರೆ ಸರಿ. ಪಟ್ಟಿ ಬರೆಯೋನು, ತೂಬು ಎತ್ತೋನು ಒಬ್ನೇ ಆಗ್ಬಾರ್ದು." ಮಂಚಮ್ಮ ಕಾಳು ಆರಿಸುವುದನ್ನು ನಿಲ್ಲಿಸಿದ್ದಳು. ಕುಳ್ಳಯ್ಯ ಮುಂದುವರಿಸಿದ: "ಪಟ್ಟೀಲಿರೋ ಒಂದು ಕಂಪನಿ ಕೆಟ್ಟೋದ್ರೆ?"

"ಅದು ಸಣ್ಣದಾದಂಗೆ ಅದರ ಪಾಲೂ ಸಣ್ಣದಾಗ್ತದೆ. ತೀರಾ ಸಣ್ಣದಾದ್ರೆ ಪಟ್ಟಿಯೋರು ತೆಗೆದು ಬೇರೇದು ಸೇರಿಸ್ತಾರೆ. ಆವಾಗ ಫಂಡಿನೋರೂ ಅದನ್ನ ಮಾರಿ ಹೊಸದನ್ನ ಕೊಳ್ತಾರೆ. ನೀವು ದುಡ್ಡು ಹಾಕಿದಾಗ ಅದೇ ಲೆಕ್ಕದಲ್ಲಿ ಕೊಳ್ಳೋದು, ತೆಗೆದಾಗ ಅದೇ ಲೆಕ್ಕದಲ್ಲಿ ಮಾರೋದು. ಇಷ್ಟೇ ಅವರ ಕೆಲಸ."

"ಅದಕ್ಕೆ ಅವರು ತಗಳೋದು?"

"ವರ್ಷಕ್ಕೆ ನೂರಕ್ಕೆ ಮುಕ್ಕಾಲು ರೂಪಾಯಿ. ಆರಿಸಿ ಆರಿಸಿ ಹಾಕೋ ಫಂಡುಗಳಲ್ಲಿ ಎರಡೂವರೆವರೆಗೂ ತಗೋತಾರೆ."

ಕುಳ್ಳಯ್ಯನ ಅಪ್ಪನೂ ನೀರುಗಂಟಿ. ಆ ಕಾಲದಲ್ಲಿ ಸಂಬಳವಿಲ್ಲ. ಸುಗ್ಗಿಯಲ್ಲಿ ಕಣದಿಂದ ಕಣಕ್ಕೆ ಹೋಗಿ ಎಕರೆಗೆ ಒಂದು ಕೊಳಗ ಭತ್ತ ಇಸಿದುಕೊಳ್ಳುತ್ತಿದ್ದ. ಬೆಳೆ ಬಂದ ಎಕರೆಗೂ ಒಂದೇ, ಬಾರದ ಎಕರೆಗೂ ಒಂದೇ. ಮುಕ್ಕಾಲು ರೂಪಾಯಿ ಕುಳ್ಳಯ್ಯನಿಗೆ ಅನ್ಯಾಯವೆನಿಸಲಿಲ್ಲ. ಕೊನೆಗೆ, ತೂಬಿನ ಮೇಲೆ ಕೂತವನಿಗೆ ಮಾತ್ರ ಹುಟ್ಟುವ ಪ್ರಶ್ನೆ ಕೇಳಿದ.

"ಕಟ್ಟೇಲೇ ನೀರಿಲ್ದಿದ್ರೆ?"

ರಘುನಂದನ್ ಕೈಲಿದ್ದ ಫಂಡಿನ ಕಾಗದ ಮಡಿಸಿಟ್ಟ. ತರಬೇತಿಯಲ್ಲಿ ಅವನಿಗೆ ಇದಕ್ಕೆ ಬೇರೆ ಉತ್ತರ ಕಲಿಸಿರಬೇಕು. "ಆವಾಗ ಮೂವತ್ತಕ್ಕೂ ಕಮ್ಮಿ. ನಿಮ್ಮ ದುಡ್ಡೂ ಕಮ್ಮಿ ಆಗ್ತದೆ. ಅದನ್ನ ತಡೆಯೋರು ಯಾರೂ ಇಲ್ಲ. ಅದಕ್ಕೇ ಐದು ವರ್ಷಕ್ಕಿಂತ ಮುಂಚೆ ಬೇಕಾಗಿರೋ ದುಡ್ಡು ಇದಕ್ಕೆ ಹಾಕ್ಬೇಡಿ."

ಹುಡುಗನ ಮೇಲೆ ಕುಳ್ಳಯ್ಯನಿಗೆ ನಂಬಿಕೆ ಬಂದದ್ದು ಈ ಮಾತಿಗೆ. ತೂಬು ಎತ್ತುವವನು ನೀರು ಹುಟ್ಟಿಸಲಾರ. ಹುಟ್ಟಿಸುತ್ತೇನೆ ಅನ್ನುವವನ ಹತ್ತಿರ ಹೋಗಬಾರದು. ಮರುದಿನ ಪಾಂಡವಪುರದಲ್ಲಿದ್ದ ರಘುನಂದನ್‌ನ ಆಫೀಸಿನಲ್ಲಿ ಅರ್ಜಿ ತುಂಬಿದ. ಯೂನಿಟ್ಟಿಗೆ ಹತ್ತು ರೂಪಾಯಿಯಂತೆ ಮೂರು ಸಾವಿರ ಯೂನಿಟ್ಟು.

ಡಿಸೆಂಬರಿನಲ್ಲಿ ಕಾಗದ ಬಂತು. ಸಹನ ಒಡೆದು ಓದಿದಳು. ಯೂನಿಟ್ಟಿಗೆ ಎಂಟು ರೂಪಾಯಿ ತೊಂಬತ್ತು ಪೈಸೆ. ಹಿಂಬದಿಯಲ್ಲಿ ಪೆನ್ಸಿಲ್ಲಿನಲ್ಲಿ ಗುಣಿಸಿ, ಎರಡು ಸಲ ನೋಡಿ, "ಮೂರು ಸಾವಿರದ ಮುನ್ನೂರು ಓಯ್ತು ತಾತ," ಎಂದಳು. ಆಮೇಲೆ ಏನೂ ಆಗಿಲ್ಲವೆಂಬಂತೆ ನೀರು ಸೇದಲು ಹೋದಳು. ಅವಳು ಅಳದೆ ಹೋದದ್ದನ್ನೇ ಮಂಚಮ್ಮನಿಗೆ ತಡೆಯಲಾಗಲಿಲ್ಲ.

"ಅಂಚೆ ಕಚೇರೀಲಿ ಹಾಕಿ ಅಂತ ಬಡ್ಕಂಡೆ. ಆ ಮಗೀನ ಓದು ಕಣ್ರೀ ಅದು, ನಿಮ್ಮ ನಾಲೆ ಅಲ್ಲ. ಮಿಕ್ಕಿರೋದನ್ನಾದ್ರೂ ಓಗಿ ಈಸ್ಕಂಡ್ ಬನ್ನಿ."

ಜಗಲಿಯ ಮೇಲೆ ಹುಡುಗ ಹೇಳಿದ್ದೆಲ್ಲ ಕುಳ್ಳಯ್ಯನಿಗೆ ಅರ್ಥವಾಗಿದ್ದದ್ದು ನಿಜ. ಆದರೂ ಹೋಗಿದ್ದು ಸಹನಳ ಓದಿನ ದುಡ್ಡು. ಸಹನಳ ಪೆನ್ಸಿಲ್ ಲೆಕ್ಕವನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಪಾಂಡವಪುರದ ಬಸ್ಸು ಹತ್ತಿದ. ಹಣ ಬಿಡಬೇಕೋ ತೆಗೆಯಬೇಕೋ ಎಂಬುದು ಇಳಿಯುವಾಗಲೂ ತೀರ್ಮಾನವಾಗಿರಲಿಲ್ಲ.

ರಘುನಂದನ್ ಅವನನ್ನು ಕಂಡೊಡನೆ ಎದ್ದು ಕುರ್ಚಿ ಕೊಟ್ಟ. ಹುಡುಗನೂ ಹೆದರಿದ್ದ, ಊರಿನಲ್ಲಿ ಅವನ ಮಾತು ಕೇಳಿ ಹಾಕಿದವರು ಇನ್ನೂ ಒಂಬತ್ತು ಜನ ಇದ್ದರು. ಹೊಸದೊಂದು ಫಾರಂ ಅವನೆದುರು ಆಗಲೇ ತುಂಬಿ ಇಟ್ಟಿತ್ತು. ರುಜು ಒಂದೇ ಬಾಕಿ.

"ಕುಳ್ಳಯ್ಯನೋರೇ, ಮೂವತ್ತಕ್ಕೂ ಹಂಚೋದು ಈಗ ಬೇಡ. ಇನ್ನೊಂದು ಫಂಡ್ ಐತೆ. ಅಲ್ಲಿ ಮ್ಯಾನೇಜರೇ ಆರಿಸ್ತಾರೆ. ಬರೀ ಕಂಪ್ಯೂಟರ್ ಕಂಪನಿಗಳು. ಇದೇ ನಾಲ್ಕು ತಿಂಗಳಲ್ಲಿ ನೂರಕ್ಕೆ ಮೂವತ್ತು ಏರೈತೆ. ಒಣಗ್ತಿರೋ ಕಂಪನಿಗೆಲ್ಲ ಯಾಕೆ ದುಡ್ಡು ಬಿಡೋದು? ಚೆನ್ನಾಗಿ ಬರ್ತಿರೋದಕ್ಕೇ ಬಿಟ್ಬಿಡಣ. ಸಹನಂಗೆ ಕಳ್ಕಂಡಿದ್ದೂ ವಾಪಸ್ ಬತ್ತದೆ."

ಕುಳ್ಳಯ್ಯ ಪೆನ್ನು ಕೈಗೆ ತೆಗೆದುಕೊಂಡ. ಫಾರಂ ನೋಡಿದ. ಆಮೇಲೆ ಹುಡುಗನ ಮುಖ ನೋಡಿದ. ಅದೇ ಹಣೆ, ಅದೇ ಅವಸರದ ಕಣ್ಣು.

"ಈ ಮಾತು ನಾನು ಮೊದ್ಲೇ ಕೇಳಿವ್ನಿ," ಎಂದ.

"ಯಾರು ಹೇಳಿದ್ರು?"

"ನಿಮ್ಮಪ್ಪಾರು."

ಪೆನ್ನು ಮೇಜಿನ ಮೇಲಿಟ್ಟು ಅವನು ಹೇಳತೊಡಗಿದ. ಎಂಬತ್ತೇಳನೇ ಇಸವಿ, ಮುಂಗಾರು ಕೈಕೊಟ್ಟ ವರ್ಷ. ಕಟ್ಟೆ ತುಂಬಲಿಲ್ಲ, ನಾಲೆಯಲ್ಲಿ ಅರ್ಧ ನೀರು. ಗಂಟೆ ಅಷ್ಟೇ, ನೀರು ತೆಳ್ಳಗೆ. ನಾಲೆಯ ಕೊಟ್ಟಕೊನೆಯಲ್ಲಿ ದ್ಯಾವಮ್ಮ ಎಂಬ ಒಂಟಿ ಹೆಂಗಸಿನ ಒಂದೆಕರೆ ಭತ್ತ, ಆಗಲೇ ಹಳದಿಗೆ ತಿರುಗಿತ್ತು. ಕೆಂಪಣ್ಣ ಏಳೆಂಟು ಜನರನ್ನು ಕಟ್ಟಿಕೊಂಡು ತೂಬಿನ ಹತ್ತಿರ ಬಂದ.

"'ಲೇ ಕುಳ್ಳ, ಅವಳ ಪೈರು ಎಂಗಿದ್ರೂ ಒಣಗೋದೇ. ಅವಳ ಹೊತ್ನೂ ನನ್ನ ಕಬ್ಬಿಗೇ ಬುಡು. ಆ ನೀರು ಅಲ್ಲೋಗಿ ಸಾಯೋ ಬದ್ಲು ಇಲ್ಲಾದ್ರೂ ಬದುಕ್ಲಿ. ಎರಡು ಮೂಟೆ ಭತ್ತ ನಿನ್ನ ಮನೆಗೆ' ಅಂದ್ರು. ಸುಳ್ಳೇನಲ್ಲ ಚಿಕ್ಕ್ ಗೌಡ್ರೇ, ನೋಡೋಕೆ ಅವರ ಮಾತೇ ಸರಿ ಇತ್ತು. ನಂಗೂ ಅಂಗೇ ಅನ್ನುಸ್ತು. ಆದ್ರೆ ಯಾವ ಗದ್ದೆ ಒಣಗ್ತದೆ, ಯಾವುದು ಬದುಕ್ತದೆ ಅಂತ ತೂಬಿನ ಮೇಲೆ ಕೂತೋನು ಒಂದ್ ಸಲ ಹೇಳೋಕೆ ಶುರು ಮಾಡುದ್ರೆ, ಮುಂದ್ಲ ವಾರ ಇನ್ನೊಬ್ರು ಬತ್ತಾರೆ. ನಾನು ಎಷ್ಟ್ ಸಲ ಸರಿಯಾಗಿ ಹೇಳೇನು? ಅದಕ್ಕೇ ಅಲ್ವಾ ಪಟ್ಟಿ ಇರೋದು."

"ಆಮೇಲೆ?"

"ಆಮೇಲೇನು, ನನ್ನ ಕೆ.ಆರ್.ಪೇಟೆಗೆ ಎತ್ತಾಕಿದ್ರು. ಹನ್ನೊಂದು ತಿಂಗಳು ಅಲ್ಲಿದ್ದು ಬಂದೆ. ದ್ಯಾವಮ್ಮಂಗೆ ಆ ವರ್ಷ ಮೂರು ಮೂಟೆ ಆಯ್ತು. ಎಚ್ಚೇನಲ್ಲ. ಉಣ್ಣೋಕೆ ಆಯ್ತು."

ರಘುನಂದನ್ ಫಾರಂ ಮೇಲೆ ಕೈ ಇಟ್ಟುಕೊಂಡು ಕೂತಿದ್ದ. ಇದನ್ನು ಅವನ ಮನೆಯಲ್ಲಿ ಯಾರೂ ಹೇಳಿರಲಿಲ್ಲ.

ಕುಳ್ಳಯ್ಯ ಜೇಬಿನಿಂದ ಸಹನಳ ಲೆಕ್ಕದ ಕಾಗದ ತೆಗೆದು, ಬಿಡಿಸಿ, ಮತ್ತೆ ಮಡಿಸಿದ. "ಕಟ್ಟೇಲಿ ನೀರು ಕಮ್ಮಿ ಆಗೈತೆ, ಅಷ್ಟೇ. ನೀವೇ ಹೇಳಿದ್ರಿ, ಐದು ವರ್ಷ ಅಂತ. ಇನ್ನೂ ನಾಲ್ಕೇ ತಿಂಗಳಾಗೈತೆ. ಇರ್ಲಿ ಬುಡಿ, ಎಲ್ಲಿತ್ತೋ ಅಲ್ಲೇ ಇರ್ಲಿ. ಭಯ ನಂಗೂ ಐತೆ. ಮನೇಲಿ ಬೈಸ್ಕತೀನಿ."

ರಘುನಂದನ್ ಫಾರಂ ಅನ್ನು ನಿಧಾನವಾಗಿ ಎರಡು ತುಂಡು ಮಾಡಿ ಮೇಜಿನ ಕೆಳಗಿನ ಬುಟ್ಟಿಗೆ ಹಾಕಿದ. ಕುಳ್ಳಯ್ಯ ಟವೆಲ್ಲು ಹೆಗಲಿಗೆ ಹಾಕಿ ಎದ್ದ. ಬಾಗಿಲ ತನಕ ಹೋದವನನ್ನು ಹುಡುಗ ಕೂಗಿದ.

"ಅಷ್ಟು ಜನದ ಮುಂದೆ ನಮ್ಮಪ್ಪಂಗೆ ನೀವು ಏನಂದ್ರಿ?"

ಕುಳ್ಳಯ್ಯ ತಿರುಗಿದ. ಹನ್ನೊಂದು ವರ್ಷದ ಹಿಂದೆ ತೂಬಿನ ಕಲ್ಲಿನ ಮೇಲೆ ನಿಂತು, ಗಡಿಯಾರ ನೋಡುತ್ತ, ಎಲ್ಲರಿಗೂ ಕೇಳುವಂತೆ ಅವನು ಹೇಳಿದ್ದು ಇಷ್ಟೇ:

"ನಿಮ್ದು ಎಂಟೆಕರೆ, ಗೌಡ್ರೇ. ಹದಿನಾಲ್ಕು ಗಂಟೆ."